‘ಏನ್ ಬೇಕಾದ್ರೂ ಮಾಡಿ ಡಾಕ್ಟ್ರೇ’ ಅನ್ನೋಕೆ ಮುಂಚೆ: ಕೊನೆ ಹಂತದ ಕ್ಯಾನ್ಸರ್ ಮತ್ತು ಐಸಿಯು

(ಪಾಡ್‌ಕಾಸ್ಟ್ ಸಂಚಿಕೆಯ ಪಠ್ಯರೂಪ)

ಬಸ್ಸಲ್ಲೋ, ಮೆಟ್ರೋದಲ್ಲೋ, ರಾತ್ರಿ ಪಾತ್ರೆ ತೊಳೀತಾನೋ ಕೇಳ್ತಿದ್ದೀರಿ ಅಂದ್ಕೊಳ್ತೀನಿ. ನಮ್ಮ ಪಾಡ್‌ಕಾಸ್ಟ್‌ನಲ್ಲಿ ಸಾಮಾನ್ಯವಾಗಿ ದುಡ್ಡಿನ ವಿಷಯ ಮಾತಾಡ್ತೀವಿ. ಪಿಎಫ್, ಎಸ್‌ಐಪಿ, ಹೆಲ್ತ್ ಇನ್ಶೂರೆನ್ಸ್ ಹೀಗೆ. ಹೆಲ್ತ್ ಇನ್ಶೂರೆನ್ಸ್ ಸಂಚಿಕೆ ಆದ್ಮೇಲೆ ಬಂದ ಮೆಸೇಜುಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಬಂತು. ‘ನಮ್ಮಪ್ಪಂಗೆ ಕ್ಯಾನ್ಸರ್, ಈಗ ಐಸಿಯುಲಿ ಇದಾರೆ, ದಿನದಿನಕ್ಕೂ ಬಿಲ್ ಏರ್ತಿದೆ, ಏನ್ ಮಾಡೋದು?’

ನಾನು ಬಿ.ಕಾಂ. ಓದಿದವನು, ಡಾಕ್ಟರ್ ಅಲ್ಲ. ಹಾಗಾಗಿ ಮೊದಲು ಬಿಲ್ ಬಗ್ಗೆನೇ ಓದೋಕೆ ಶುರು ಮಾಡಿದೆ. ಓದ್ತಾ ಹೋದಂಗೆ ಒಂದು ವಿಷಯ ಗೊತ್ತಾಯ್ತು. ಬಿಲ್ ಬರೋದು ಕೊನೇಲಿ. ಅದಕ್ಕಿಂತ ಮುಂಚೆ, ಐಸಿಯು ಬಾಗಿಲಲ್ಲಿ ನಿಂತ್ಕೊಂಡು, ಹತ್ತು ನಿಮಿಷದಲ್ಲಿ, ಏನೂ ಗೊತ್ತಿಲ್ದೆ ಒಂದು ನಿರ್ಧಾರ ಆಗಿರುತ್ತೆ. ಸಾಮಾನ್ಯವಾಗಿ ಆ ಫಾರ್ಮ್‌ಗೆ ಸೈನ್ ಮಾಡೋರು ನಮ್ಮ ವಯಸ್ಸಿನವರು. ಇಂಗ್ಲಿಷ್ ಬರುತ್ತೆ, ಯುಪಿಐ ಇದೆ ಅಂತ ನಮ್ಮನ್ನೇ ಮುಂದೆ ತಳ್ತಾರೆ. ಇವತ್ತಿನ ಮಾತು ಆ ಹತ್ತು ನಿಮಿಷದ ಬಗ್ಗೆ.

ಮೊದಲು ಐಸಿಯು ಅಂದ್ರೆ ಏನು ಅಂತ ನೋಡೋಣ. ಅದು ಕ್ಯಾನ್ಸರ್ ವಾಸಿ ಮಾಡೋ ಜಾಗ ಅಲ್ಲ. ದೇಹದ ಯಾವುದೋ ಅಂಗ ಕೈಕೊಟ್ಟಾಗ, ಅದರ ಕೆಲಸವನ್ನ ಸ್ವಲ್ಪ ದಿನ ಯಂತ್ರಗಳು, ಔಷಧಿಗಳು ಮಾಡ್ತವೆ. ಶ್ವಾಸಕೋಶದ ಕೆಲಸ ವೆಂಟಿಲೇಟರ್‌ದು. ಕಿಡ್ನಿ ಕೆಲಸ ಡಯಾಲಿಸಿಸ್‌ದು. ಬಿ.ಪಿ. ಬಿದ್ದು ಹೋದ್ರೆ ಅದನ್ನ ಎತ್ತಿ ಹಿಡಿಯೋಕೆ ಡ್ರಿಪ್‌ನಲ್ಲಿ ಔಷಧಿ. ಇಷ್ಟೂ ಮಾಡೋದು ಸಮಯ ಸಿಗಲಿ ಅಂತ. ಆ ಸಮಯದಲ್ಲಿ ಮೂಲ ತೊಂದರೆ ಸರಿ ಹೋಗ್ಬೇಕು. ಸರಿ ಹೋಗುವಂಥದ್ದು ಏನಾದ್ರೂ ಇದ್ದಾಗ ಐಸಿಯು ನಿಜಕ್ಕೂ ಜೀವ ಉಳಿಸುತ್ತೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ‘ಕ್ಯಾನ್ಸರ್ ಪೇಷಂಟ್‌ಗೆ ಐಸಿಯು ದಂಡ’ ಅಂತ ಕೆಲವರು ಒಂದೇ ಮಾತಲ್ಲಿ ಹೇಳ್ಬಿಡ್ತಾರೆ. ಅದು ಸರಿಯಲ್ಲ. ಕೀಮೋ ಆದ್ಮೇಲೆ ಬಿಳಿ ರಕ್ತಕಣ ಇಳಿದು ಸೋಂಕು ರಕ್ತಕ್ಕೆ ಹರಡಬಹುದು. ಹೃದಯದ ಸುತ್ತ ನೀರು ತುಂಬಬಹುದು. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ರೋಗಿ ಗೊಂದಲಕ್ಕೆ ಬೀಳಬಹುದು. ಶ್ವಾಸಕೋಶಕ್ಕೆ ರಕ್ತ ಹೆಪ್ಪುಗಟ್ಟಿದ ತುಣುಕು ಹೋಗಿ ಸಿಕ್ಕಾಕೊಳ್ಳಬಹುದು. ನೋಡೋಕೆ ಎಲ್ಲವೂ ‘ಸೀರಿಯಸ್’. ಆದ್ರೆ ಇವುಗಳಿಗೆ ಚಿಕಿತ್ಸೆ ಇದೆ. ಕೆಲವರು ಇದನ್ನ ದಾಟಿ ಮನೆಗೆ ಬಂದು, ಮತ್ತೆ ಕೀಮೋ ತಗೊಂಡು, ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಚೆನ್ನಾಗಿರ್ತಾರೆ.

ಇದೇ ಪ್ರಶ್ನೆ ಇಟ್ಕೊಂಡು ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆ ವೈದ್ಯರು ಒಂದು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದ್ರು. ವೆಂಟಿಲೇಟರ್ ಬೇಕಾಗಿದ್ದ, ಜೊತೆಗೆ ಇನ್ನೊಂದು ಅಂಗವಾದ್ರೂ ಕೈಕೊಟ್ಟಿದ್ದ ಕ್ಯಾನ್ಸರ್ ರೋಗಿಗಳಿಗೆ ಅವರು ಮೊದಲ ಕೆಲವು ದಿನ ಪೂರ್ತಿ ಐಸಿಯು ಚಿಕಿತ್ಸೆ ಕೊಟ್ರು. ಆಮೇಲೆ ಕೂತು ಮತ್ತೆ ಲೆಕ್ಕ ಹಾಕಿದ್ರು. ಆರನೇ ದಿನಕ್ಕೂ ಅಲ್ಲೇ ಇದ್ದವರಲ್ಲಿ ನೂರಕ್ಕೆ ಸುಮಾರು 40 ಜನ ಬದುಕಿದ್ರು. ಕಡಿಮೆ ಏನಲ್ಲ, ಅಲ್ವಾ? ಆದ್ರೆ ಮೂರು ದಿನ ಕಳೆದ ಮೇಲೆ ಹೊಸದಾಗಿ ವೆಂಟಿಲೇಟರ್, ಡಯಾಲಿಸಿಸ್ ಅಥವಾ ಬಿ.ಪಿ. ಔಷಧಿ ಶುರು ಮಾಡ್ಬೇಕಾಗಿ ಬಂದವರಲ್ಲಿ ಒಬ್ಬರೂ ಉಳೀಲಿಲ್ಲ. ಇನ್ನೊಂದು ಮುಖ್ಯ ವಿಷಯ, ಪೂರ್ತಿ ಹಾಸಿಗೆ ಹಿಡಿದವರನ್ನ, ಆಯಸ್ಸು ಹೆಚ್ಚಿಸೋ ಕ್ಯಾನ್ಸರ್ ಚಿಕಿತ್ಸೆ ಉಳಿದೇ ಇಲ್ಲದವರನ್ನ ಅವರು ಈ ಅಧ್ಯಯನಕ್ಕೆ ತಗೊಂಡೇ ಇರ್ಲಿಲ್ಲ.

ಇದರಿಂದ ಬಂದ ವಿಚಾರಕ್ಕೆ ಐಸಿಯು ಟ್ರಯಲ್ ಅಂತಾರೆ. ಅಂದ್ರೆ ಗಡುವು ಹಾಕ್ಕೊಂಡು ಪ್ರಯತ್ನ ಮಾಡೋದು. ‘ನಾಲ್ಕೈದು ದಿನ ಪೂರ್ತಿ ಪ್ರಯತ್ನ ಮಾಡೋಣ. ಇಂತಿಂಥದ್ದು ಸುಧಾರಿಸ್ಬೇಕು. ಸುಧಾರಿಸದಿದ್ರೆ ಮತ್ತೆ ಕೂತು ಮಾತಾಡೋಣ’ ಅಂತ ಮೊದಲೇ ಹೇಳ್ಕೊಳ್ಳೋದು. ‘ಐಸಿಯು ಬೇಕಾ, ಬೇಡ್ವಾ’ ಅನ್ನೋ ಪ್ರಶ್ನೆಗೆ ಉತ್ತರ ಕೊಡೋದು ಬಹಳ ಕಷ್ಟ. ‘ಯಾತಕ್ಕೆ, ಎಷ್ಟು ದಿನ’ ಅಂತ ಕೇಳಿದ್ರೆ ಡಾಕ್ಟರ್‌ಗೂ ಉತ್ತರ ಕೊಡೋಕೆ ಬರುತ್ತೆ, ನಮಗೂ ಅರ್ಥ ಆಗುತ್ತೆ.

ಈಗ ಸಿಪಿಆರ್ ವಿಷಯ. ಸಿನಿಮಾದಲ್ಲಿ ನೋಡಿರ್ತೀರಿ. ಎದೆ ಮೇಲೆ ನಾಲ್ಕು ಸಲ ಒತ್ತಿದ್ರೆ, ಒಂದು ಶಾಕ್ ಕೊಟ್ರೆ ಹೀರೋ ಕಣ್ಣು ಬಿಡ್ತಾನೆ. 1996ರಲ್ಲಿ ಅಮೆರಿಕದ ವೈದ್ಯರು ಕೆಲವು ಟಿವಿ ಕಾರ್ಯಕ್ರಮಗಳನ್ನ ಕೂತು ಎಣಿಸಿ ನೋಡಿದ್ರು. ಟಿವಿಯಲ್ಲಿ ಸಿಪಿಆರ್ ಮಾಡಿಸ್ಕೊಂಡವರಲ್ಲಿ ನೂರಕ್ಕೆ 75 ಜನ ಆ ಕ್ಷಣಕ್ಕೆ ಬದುಕ್ತಿದ್ರು. ನಿಜದ ಲೆಕ್ಕ ಬೇರೆನೇ. ಆಸ್ಪತ್ರೆಯೊಳಗೇ ಹೃದಯ ನಿಂತ ಕ್ಯಾನ್ಸರ್ ರೋಗಿಗಳ ಬಗ್ಗೆ ಹಲವು ಅಧ್ಯಯನಗಳನ್ನ ಸೇರಿಸಿ 2006ರಲ್ಲಿ ಒಂದು ವಿಶ್ಲೇಷಣೆ ಬಂತು. ದೇಹದ ಬೇರೆ ಭಾಗಕ್ಕೂ ಕ್ಯಾನ್ಸರ್ ಹರಡಿದ್ದವರಲ್ಲಿ, ಸಿಪಿಆರ್ ಆಗಿ ಬದುಕಿ ಮನೆಗೆ ಹೋದವರು ನೂರಕ್ಕೆ ಸುಮಾರು 6 ಜನ. ಬಲವಾಗಿ ಒತ್ತಿದಾಗ ಪಕ್ಕೆಲುಬು ಮುರಿಯೋದೂ ಸಾಮಾನ್ಯ. ಮೂಳೆಗೆ ಕ್ಯಾನ್ಸರ್ ಹರಡಿರೋರಿಗೆ ಅದು ಹೇಗಿರುತ್ತೆ ಅಂತ ಯೋಚಿಸಿ. ‘ಸಿಪಿಆರ್ ಮಾಡೋದು ಬೇಡ’ ಅಂತ ಮೊದಲೇ ತೀರ್ಮಾನಿಸೋಕೆ ನಮ್ಮ ದೇಶದಲ್ಲೂ ದಾರಿ ಇದೆ. ಅದಕ್ಕೆ ಐಸಿಎಂಆರ್ 2020ರಲ್ಲೇ ಮಾರ್ಗಸೂಚಿ ಪ್ರಕಟಿಸಿದೆ. ಹಾಗೆ ಬರೆಸಿದ್ರೆ ಉಳಿದ ಚಿಕಿತ್ಸೆ ನಿಲ್ಲಲ್ಲ. ಆಂಟಿಬಯೋಟಿಕ್, ಆಕ್ಸಿಜನ್, ನೋವಿನ ಔಷಧಿ ಎಲ್ಲಾ ಮುಂದುವರಿಯುತ್ತೆ.

ಅಂಕಿ ಸಂಖ್ಯೆ ಸಾಕು. ಈಗ ನಮ್ಮ ಮನೆಗಳಲ್ಲಿ ಆಗೋದನ್ನ ಹೇಳ್ತೀನಿ.

ನಮ್ಮ ದೊಡ್ಡಪ್ಪ ರಾಣೆಬೆನ್ನೂರಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಕೊಂಡಿದ್ರು. ಶ್ವಾಸಕೋಶದ ಕ್ಯಾನ್ಸರ್, ಗೊತ್ತಾಗುವಷ್ಟರಲ್ಲಿ ನಾಲ್ಕನೇ ಹಂತ. ಮನೇಲಿ ಎಲ್ರಿಗೂ ಗೊತ್ತಿತ್ತು, ದೊಡ್ಡಪ್ಪಂಗೆ ಬಿಟ್ಟು. ‘ಶ್ವಾಸಕೋಶದಲ್ಲಿ ಗಡ್ಡೆ ಇದೆ, ಕರಗಿಸ್ತಾರಂತೆ’ ಅಂತ ಹೇಳಿದ್ರು. ಎರಡು ಸಾಲು ಕೀಮೋ ಮುಗೀತು, ರೋಗ ಬೆಳೀತಾನೇ ಇತ್ತು. ಒಂದು ರಾತ್ರಿ ಉಸಿರಾಡೋಕೆ ಆಗ್ಲಿಲ್ಲ. ಒಂದು ಖಾಸಗಿ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ಡ್ಯೂಟಿ ಡಾಕ್ಟರ್ ಬಂದು ‘ಟ್ಯೂಬ್ ಹಾಕ್ಬೇಕು, ಇಲ್ಲಾಂದ್ರೆ ಉಳಿಯಲ್ಲ, ಸೈನ್ ಮಾಡಿ’ ಅಂದ್ರು. ಅಣ್ಣ, ಅಂದ್ರೆ ದೊಡ್ಡಪ್ಪನ ಮಗ, ‘ಏನ್ ಬೇಕಾದ್ರೂ ಮಾಡಿ ಸಾರ್, ದುಡ್ಡಿನ ಯೋಚ್ನೆ ಬೇಡ’ ಅಂದ. ಆ ಹೊತ್ತಲ್ಲಿ ಯಾವ ಮಗನಾದ್ರೂ ಅದನ್ನೇ ಹೇಳ್ತಾನೆ.

ಹನ್ನೊಂದು ದಿನ. ಬಾಯಲ್ಲಿ ಟ್ಯೂಬ್ ಇದ್ರೆ ಮಾತಾಡೋಕೆ ಆಗಲ್ಲ. ಕಿತ್ತಾಕಬಾರ್ದು ಅಂತ ಕೈಗೆ ಬಟ್ಟೆ ಕಟ್ಟಿದ್ರು. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಒಬ್ಬೊಬ್ಬರೇ ಹೋಗಿ ನೋಡ್ಬೇಕು. ಮೂರನೇ ದಿನ ಕಿಡ್ನಿ ಹೋಯ್ತು, ಡಯಾಲಿಸಿಸ್ ಶುರುವಾಯ್ತು. ಪ್ರತಿ ಸಲ ಬೇರೆ ಬೇರೆ ಡಾಕ್ಟರ್ ಬಂದು ‘ಕಿಡ್ನಿ ಸ್ವಲ್ಪ ಪರವಾಗಿಲ್ಲ’, ‘ಬಿ.ಪಿ. ಸ್ಟೇಬಲ್ ಇದೆ’ ಅಂತ ಒಂದೊಂದು ಅಂಗದ ಸಮಾಚಾರ ಹೇಳ್ತಿದ್ರು. ಒಟ್ಟಾರೆ ಮನುಷ್ಯನ ಕಥೆ ಏನು ಅಂತ ಯಾರೂ ಕೂತು ಹೇಳ್ಲಿಲ್ಲ. ಅವರು ಹೋದ್ಮೇಲೆ ದೊಡ್ಡಮ್ಮ ಬಿಲ್ ಬಗ್ಗೆ ಒಂದು ಮಾತೂ ಆಡ್ಲಿಲ್ಲ. ‘ಕೊನೆಗೆ ಬಾಯಿಗೆ ಒಂದು ಗುಟುಕು ನೀರು ಬಿಡೋಕೂ ಆಗ್ಲಿಲ್ವಲ್ಲೋ’ ಅಂತ ಅಷ್ಟೇ ಅಂದ್ರು.

ಈ ಕಥೇಲಿ ಯಾರೂ ಕೆಟ್ಟವರಲ್ಲ. ಆದ್ರೆ ಒಂದು ಗಮನಿಸಿ. ಅಷ್ಟೊಂದು ಸೈನ್‌ಗಳಲ್ಲಿ ದೊಡ್ಡಪ್ಪನ ಅಭಿಪ್ರಾಯ ಎಲ್ಲೂ ಇರ್ಲಿಲ್ಲ. ಇರೋಕೂ ಸಾಧ್ಯ ಇರ್ಲಿಲ್ಲ. ರೋಗ ಏನು ಅಂತಾನೇ ಗೊತ್ತಿಲ್ದವರು ‘ನಂಗೆ ಇದು ಬೇಕು, ಇದು ಬೇಡ’ ಅಂತ ಹೇಗೆ ಹೇಳ್ತಾರೆ? ‘ಅಪ್ಪಂಗೆ ಹೇಳ್ಬೇಡಿ ಡಾಕ್ಟ್ರೇ, ತಡ್ಕೊಳಲ್ಲ’ ಅಂತ ನಾವು ಪ್ರೀತಿಯಿಂದಲೇ ಹೇಳ್ತೀವಿ. ಆ ಪ್ರೀತಿಯಿಂದಾನೇ, ಅವರ ಬದುಕಿನ ಅತಿ ದೊಡ್ಡ ನಿರ್ಧಾರದಲ್ಲಿ ಅವರ ಮಾತು ಇಲ್ದಂಗಾಗುತ್ತೆ.

ಕಾಮರ್ಸ್ ಓದಿದವರಿಗೆ ‘ಸಂಕ್ ಕಾಸ್ಟ್’ ಗೊತ್ತಿರುತ್ತೆ. ಈಗಾಗ್ಲೇ ಖರ್ಚಾಗಿ ಹೋದ, ಏನ್ ಮಾಡಿದ್ರೂ ವಾಪಸ್ ಬರದ ದುಡ್ಡು. ಮುಂದಿನ ನಿರ್ಧಾರ ಮಾಡುವಾಗ ಅದನ್ನ ಲೆಕ್ಕಕ್ಕೆ ತಗೋಬಾರ್ದು ಅಂತ ಕ್ಲಾಸಲ್ಲಿ ಹೇಳ್ಕೊಡ್ತಾರೆ. ಐಸಿಯು ಹೊರಗೆ ಕೇಳೋ ಮಾತು ನೋಡಿ: ‘ಇಷ್ಟು ಲಕ್ಷ ಹಾಕಿದ್ದೀವಿ, ಇಷ್ಟು ದಿನ ಅವರು ನೋವು ತಿಂದಿದ್ದಾರೆ, ಈಗ ನಿಲ್ಸಿದ್ರೆ ಎಲ್ಲಾ ವ್ಯರ್ಥ.’ ಇದು ಸಂಕ್ ಕಾಸ್ಟ್ ಮಾತೇ. ಹೋದ ಹತ್ತು ದಿನಕ್ಕೆ ಬೆಲೆ ಬರ್ಲಿ ಅಂತ ಹನ್ನೊಂದನೇ ದಿನವನ್ನ ಅವರ ಮೇಲೆ ಹೇರೋದು. ನಾಳೆ ಬೆಳಿಗ್ಗೆ ಅವರಿಗೆ ಇದರಿಂದ ಒಳ್ಳೇದಾಗುತ್ತಾ ಅನ್ನೋದನ್ನ ಮಾತ್ರ ಕೇಳ್ಬೇಕು.

ಇನ್ನೊಂದು ತಮಾಷೆ, ತಮಾಷೆ ಅಂತ ಹೇಳೋಕೂ ಆಗಲ್ಲ. ದೂರದಲ್ಲಿರೋ ಮಕ್ಕಳು ಕೊನೇ ಗಳಿಗೆಯಲ್ಲಿ ಬಂದು ‘ಇನ್ನೂ ಏನೇನು ಸಾಧ್ಯವೋ ಎಲ್ಲಾ ಮಾಡಿ’ ಅಂತ ಪಟ್ಟು ಹಿಡಿಯೋದಕ್ಕೆ ಅಮೆರಿಕದ ವೈದ್ಯಕೀಯ ಬರಹದಲ್ಲಿ 1991ರಿಂದ ಒಂದು ಹೆಸರೇ ಇದೆ: ‘ಕ್ಯಾಲಿಫೋರ್ನಿಯಾದಿಂದ ಬಂದ ಮಗಳು’. ನಮ್ಮಲ್ಲಂತೂ ಎಷ್ಟೋ ಮನೆಗಳ ಮಗ, ಮಗಳು ನಿಜವಾಗ್ಲೂ ಕ್ಯಾಲಿಫೋರ್ನಿಯಾದಲ್ಲೇ ಇದಾರೆ. ಹೊರದೇಶದಿಂದ ಕೇಳ್ತಿರೋರು ಬೇಜಾರ್ ಮಾಡ್ಕೋಬೇಡಿ. ಆರು ತಿಂಗಳಿಂದ ಜೊತೇಲಿ ಇದ್ದು ನೋಡಿದವರ ಮಾತನ್ನ ಮೊದಲು ಕೇಳಿ. ಸಾಧ್ಯವಾದ್ರೆ ರೋಗಿ ಮಾತಾಡುವಂಗೆ ಇರುವಾಗಲೇ ಒಂದು ವಿಡಿಯೋ ಕಾಲ್ ಮಾಡಿ ಈ ವಿಷಯ ಎತ್ತಿ.

ಸರಿ, ಕಾನೂನು ಏನ್ ಹೇಳುತ್ತೆ? ಇಲ್ಲಿ ಬಹಳ ಜನಕ್ಕೆ ಭಯ ಇದೆ. ವೆಂಟಿಲೇಟರ್ ಬೇಡ ಅಂದ್ರೆ ಕೇಸ್ ಆಗುತ್ತೆ ಅಂತ. 2018ರ ಮಾರ್ಚ್ 9ರಂದು ಸುಪ್ರೀಂ ಕೋರ್ಟ್‌ನ ಐದು ನ್ಯಾಯಮೂರ್ತಿಗಳ ಪೀಠ, ಘನತೆಯಿಂದ ಸಾಯೋದು ಕೂಡ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳ್ತು. ಪ್ರಜ್ಞೆ ತಪ್ಪಿದ ಮೇಲೆ ತನಗೆ ಎಂಥ ಚಿಕಿತ್ಸೆ ಬೇಡ ಅಂತ ಮೊದಲೇ ಬರೆದಿಡೋ ಲಿವಿಂಗ್ ವಿಲ್‌ಗೂ ಒಪ್ಪಿಗೆ ಕೊಡ್ತು. ಆದ್ರೆ ಆಗಿನ ನಿಯಮ ಎಷ್ಟು ಕಷ್ಟ ಇತ್ತು ಅಂದ್ರೆ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2023ರ ಜನವರಿಯಲ್ಲಿ ಕೋರ್ಟ್ ಅದನ್ನ ಸರಳ ಮಾಡ್ತು. ಈಗ 18 ವರ್ಷ ದಾಟಿದ, ಮನಸ್ಸು ಸ್ವಸ್ಥ ಇರೋ ಯಾರಾದ್ರೂ ಇಬ್ಬರು ಸಾಕ್ಷಿಗಳ ಮುಂದೆ ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಹತ್ರ ದೃಢೀಕರಿಸಿದ್ರೆ ಸಾಕು. ತನ್ನ ಪರವಾಗಿ ಯಾರು ಮಾತಾಡ್ಬೇಕು ಅಂತ ಹೆಸರು ಕೂಡ ಬರೀಬಹುದು.

ಲಿವಿಂಗ್ ವಿಲ್ ಇಲ್ದಿದ್ರೂ ದಾರಿ ಇದೆ. ಚಿಕಿತ್ಸೆ ನೀಡ್ತಿರೋ ಡಾಕ್ಟರ್ ಸೇರಿ ಮೂರು ಜನರ ಒಂದು ವೈದ್ಯಕೀಯ ಮಂಡಳಿ, ಆಮೇಲೆ ಬೇರೆ ಮೂರು ಜನರ ಎರಡನೇ ಮಂಡಳಿ ನೋಡ್ತವೆ. ಚೇತರಿಕೆ ಸಾಧ್ಯ ಇಲ್ಲ ಅಂತ ಎರಡೂ ಒಪ್ಪಿ, ಮನೆಯವರೂ ಒಪ್ಪಿದ್ರೆ, ಮ್ಯಾಜಿಸ್ಟ್ರೇಟ್‌ಗೆ ತಿಳಿಸಿ ಯಂತ್ರದ ಬೆಂಬಲ ನಿಲ್ಲಿಸಬಹುದು. ಪ್ರತಿ ಮಂಡಳಿಯೂ ಸಾಧ್ಯವಾದಷ್ಟು 48 ಗಂಟೆಯೊಳಗೆ ತೀರ್ಮಾನ ಹೇಳ್ಬೇಕು. ಇದನ್ನ ಜಾರಿಗೆ ತರೋಕೆ ಕರ್ನಾಟಕ ಆರೋಗ್ಯ ಇಲಾಖೆ 2025ರ ಜನವರಿ ಕೊನೆಯಲ್ಲಿ ಆದೇಶ ಹೊರಡಿಸಿತು. ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಅವರು ಘನತೆಯ ಸಾವಿನ ಹಕ್ಕಿಗಾಗಿ ವರ್ಷಗಟ್ಟಲೆ ಪತ್ರ ಬರೆದು ಹೋರಾಡಿದ್ದು ಆಗ ಮತ್ತೆ ಸುದ್ದಿಯಾಯ್ತು.

ಒಂದು ಸ್ಪಷ್ಟನೆ. ಇದು ಇಂಜೆಕ್ಷನ್ ಕೊಟ್ಟು ಸಾಯಿಸೋದಲ್ಲ. ಅದು ಭಾರತದಲ್ಲಿ ಅಪರಾಧ. ಪ್ರಯೋಜನ ಇಲ್ಲದ ಯಂತ್ರ ತೆಗೆದು, ರೋಗ ತನ್ನ ದಾರಿ ಹಿಡಿಯೋಕೆ ಬಿಟ್ಟು, ನೋವಾಗದಂಗೆ ನೋಡ್ಕೊಳ್ಳೋದು. ಕೇಂದ್ರ ಆರೋಗ್ಯ ಸಚಿವಾಲಯ 2023ರ ಕೊನೆಯಲ್ಲಿ ಕೊಟ್ಟ ಐಸಿಯು ಮಾರ್ಗಸೂಚಿಯಲ್ಲೂ ಇದೆ: ರೋಗಿ ಅಥವಾ ಹತ್ತಿರದ ಬಂಧುಗಳು ಬೇಡ ಅಂದ್ರೆ ಐಸಿಯುಗೆ ಸೇರಿಸಬಾರ್ದು.

ಈಗ ಬಹಳ ಮುಖ್ಯವಾದ ಒಂದು ವ್ಯತ್ಯಾಸ. ದುಡ್ಡು ಮುಗಿದಾಗ ನಮ್ಮಲ್ಲಿ ಸಾಮಾನ್ಯವಾಗಿ ಆಗೋದು ಏನು? ‘ವೈದ್ಯರ ಸಲಹೆಗೆ ವಿರುದ್ಧವಾಗಿ ಕರ್ಕೊಂಡು ಹೋಗ್ತಿದ್ದೀವಿ’ ಅಂತ ಬರ್ಕೊಟ್ಟು, ಆಂಬುಲೆನ್ಸ್ ಮಾಡ್ಕೊಂಡು ಊರಿಗೆ ಹೋಗೋದು. ಆಗ ಕೈಯಲ್ಲಿ ನೋವಿನ ಔಷಧಿ ಇರಲ್ಲ. ಉಸಿರು ಕಟ್ಟಿದ್ರೆ ಏನ್ ಮಾಡ್ಬೇಕು ಅಂತ ಹೇಳ್ಕೊಟ್ಟಿರಲ್ಲ. ಫೋನ್ ಮಾಡೋಕೆ ಒಬ್ಬ ಡಾಕ್ಟರ್ ಇರಲ್ಲ. ಇದಕ್ಕೂ ಘನತೆಯ ಸಾವಿಗೂ ಸಂಬಂಧ ಇಲ್ಲ. ಐಸಿಯು ಬೇಡ ಅಂದ್ರೆ ಅದರ ಜಾಗದಲ್ಲಿ ಬೇರೆ ಆರೈಕೆ ಬರ್ಬೇಕು. ಅದೇ ಪ್ಯಾಲಿಯೇಟಿವ್ ಕೇರ್.

ಕ್ಯಾನ್ಸರ್ ನೋವಿಗೆ ಬಾಯಿಂದ ನುಂಗೋ ಮಾರ್ಫಿನ್ ಮಾತ್ರೆ ಇದೆ. ದುಬಾರಿ ಅಲ್ಲ. ಮಾದಕ ವಸ್ತು ಕಾಯ್ದೆ ಕಾರಣ ಅದು ಸಿಗೋದು ಬಹಳ ಕಷ್ಟ ಇತ್ತು, 2014ರಲ್ಲಿ ಆ ಕಾಯ್ದೆಗೆ ತಿದ್ದುಪಡಿ ತಂದು ನಿಯಮ ಸಡಿಲ ಮಾಡಿದ್ರು. ಈಗಲೂ ಎಲ್ಲಾ ಮೆಡಿಕಲ್ ಶಾಪ್‌ನಲ್ಲಿ ಸಿಗಲ್ಲ, ಅನುಮತಿ ಇರೋ ಆಸ್ಪತ್ರೆಗಳಲ್ಲಿ ಸಿಗುತ್ತೆ. ಮಾರ್ಫಿನ್ ಉಸಿರಾಟದ ಸಂಕಟವನ್ನೂ ಕಡಿಮೆ ಮಾಡುತ್ತೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ ಪ್ಯಾಲಿಯೇಟಿವ್ ವಿಭಾಗ ಇದೆ. ಮಾರತ್ತಹಳ್ಳಿ ಹತ್ರ ಇರೋ ಕರುಣಾಶ್ರಯ, ಚಿಕಿತ್ಸೆಗೆ ಬಗ್ಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನ 1999ರಿಂದ ಉಚಿತವಾಗಿ ಇಟ್ಕೊಂಡು ನೋಡ್ಕೊಳ್ತಿದೆ. ಅಲ್ಲಿ ಮನೆಯವರು ಪಕ್ಕದಲ್ಲೇ ಇರಬಹುದು.

‘ಪ್ಯಾಲಿಯೇಟಿವ್ ಅಂದ್ರೆ ಕೈಬಿಟ್ಟಂಗೆ’ ಅನ್ನೋರಿಗೆ ಒಂದು ಮಾತು. 2010ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅಧ್ಯಯನ ಒಂದು ಪ್ರಕಟ ಆಯ್ತು. ಹರಡಿದ ಶ್ವಾಸಕೋಶದ ಕ್ಯಾನ್ಸರ್ ಇದ್ದ 151 ಜನ. ಅರ್ಧದಷ್ಟು ಜನಕ್ಕೆ ಮಾಮೂಲಿ ಚಿಕಿತ್ಸೆ, ಉಳಿದವರಿಗೆ ಅದರ ಜೊತೆ ಮೊದಲಿಂದಲೇ ಪ್ಯಾಲಿಯೇಟಿವ್ ಕೇರ್. ಎರಡನೇ ಗುಂಪಿನವರು ಹೆಚ್ಚು ನೆಮ್ಮದಿಯಾಗಿದ್ರು, ಕೊನೆಗೆ ಅಬ್ಬರದ ಚಿಕಿತ್ಸೆ ಕಡಿಮೆ ತಗೊಂಡ್ರು. ಆದ್ರೂ ಹೆಚ್ಚು ದಿನ ಬದುಕಿದ್ರು. ಅವರ ಮಧ್ಯಮ ಆಯಸ್ಸು 11.6 ತಿಂಗಳು, ಇನ್ನೊಂದು ಗುಂಪಿನದು 8.9 ತಿಂಗಳು.

ಈಗ ಮೊಬೈಲ್‌ನಲ್ಲಿ ನೋಟ್ಸ್ ತೆಗೀರಿ. ಆ ಹತ್ತು ನಿಮಿಷಕ್ಕೆ ನಾಲ್ಕು ಪ್ರಶ್ನೆ ಬರ್ಕೊಳ್ಳಿ.

ಒಂದು: ‘ಈಗ ಆಗಿರೋ ತೊಂದರೆ ಸರಿ ಹೋಗುವಂಥದ್ದಾ, ಇಲ್ಲಾ ಕ್ಯಾನ್ಸರೇ ಬೆಳೆದು ಆಗಿದ್ದಾ?’

ಎರಡು: ‘ಇದು ಸರಿ ಹೋದ್ರೆ, ಮುಂದೆ ಕ್ಯಾನ್ಸರ್‌ಗೆ ಕೊಡೋಕೆ ಚಿಕಿತ್ಸೆ ಉಳಿದಿದೆಯಾ? ಮನೆಗೆ ಹೋದ್ರೆ ಹೇಗಿರ್ತಾರೆ?’ ಇದಕ್ಕೆ ಐಸಿಯು ಡಾಕ್ಟರ್ ಒಬ್ಬರೇ ಉತ್ತರ ಕೊಡೋಕಾಗಲ್ಲ. ಕ್ಯಾನ್ಸರ್ ಡಾಕ್ಟರ್ ಕೂಡ ಬೇಕು. ‘ಇಬ್ಬರೂ ಒಟ್ಟಿಗೆ ಹೇಳಿ’ ಅಂತ ಕೇಳಿ. ಅದು ನಿಮ್ಮ ಹಕ್ಕು.

ಮೂರು: ‘ಎಷ್ಟು ದಿನ ನೋಡೋಣ? ಏನು ಸುಧಾರಿಸಿದ್ರೆ ಮುಂದುವರಿಸೋದು?’

ನಾಲ್ಕು: ‘ಟ್ಯೂಬ್ ಬೇಡ ಅಂದ್ರೆ ನೋವು, ಉಸಿರಿನ ಸಂಕಟ ಆಗದಂಗೆ ನೀವು ಏನೇನು ಮಾಡ್ತೀರಿ?’

ನಾಲ್ಕನೇ ಪ್ರಶ್ನೆಗೆ ‘ಏನೂ ಮಾಡೋಕಾಗಲ್ಲ, ಕರ್ಕೊಂಡು ಹೋಗಿ’ ಅನ್ನೋ ಉತ್ತರ ಬಂದ್ರೆ ಒಪ್ಪಬೇಡಿ. ಪ್ಯಾಲಿಯೇಟಿವ್ ಡಾಕ್ಟರ್‌ನ ಕರೆಸಿ ಅಂತ ಕೇಳಿ.

ಎಲ್ಲದಕ್ಕಿಂತ ಮೊದಲ ಪ್ರಶ್ನೆ ಮಾತ್ರ ಆಸ್ಪತ್ರೇಲಿ ಕೇಳೋದಲ್ಲ. ಮನೇಲಿ, ಅವರು ಕಾಫಿ ಕುಡೀತಾ ಕೂತಿರುವಾಗ ಕೇಳೋದು. ‘ಅಪ್ಪಾ, ಕಾಯಿಲೆ ಬಗ್ಗೆ ನಿನಗೆ ಎಷ್ಟು ಗೊತ್ತಾಗ್ಬೇಕು ಅನ್ಸುತ್ತೆ? ಒಂದ್ವೇಳೆ ಜಾಸ್ತಿ ಆದ್ರೆ ಎಲ್ಲಿರೋಕೆ ಇಷ್ಟ? ಯಾವುದು ಮಾತ್ರ ಬೇಡವೇ ಬೇಡ?’ ಅವರು ‘ಕೊನೇವರೆಗೂ ಹೋರಾಡ್ತೀನಿ, ಐಸಿಯುಗೂ ಹಾಕಿ’ ಅನ್ನಬಹುದು. ಹಾಗಂದ್ರೆ ಅದೇ ಸರಿ, ಆಗ ನೀವು ಧೈರ್ಯವಾಗಿ ಸೈನ್ ಮಾಡಬಹುದು. ‘ನಂಗೆ ಯಾವುದೂ ಗೊತ್ತಾಗೋದು ಬೇಡ, ನೀನೇ ನೋಡ್ಕೋ’ ಅನ್ನಬಹುದು. ಅದೂ ಒಂದು ಉತ್ತರ. ‘ಮನೇಲಿ, ನಮ್ಮ ಹಿತ್ತಿಲು ಕಾಣೋ ಕಡೆ ಮಂಚ ಹಾಕಿ’ ಅಂತಲೂ ಅನ್ನಬಹುದು. ಯಾವ ಉತ್ತರ ಬಂದ್ರೂ, ಆ ರಾತ್ರಿ ಪೆನ್ ಹಿಡಿದಾಗ ನಿಮ್ಮ ಜೊತೆ ಅವರ ಮಾತು ಇರುತ್ತೆ. ಅವರು ಹೋದ ಮೇಲೆ ಉಳಿಯೋ ನಿಮಗೂ ಅದು ಬೇಕಾಗುತ್ತೆ.

ಈ ಸಂಚಿಕೆಯನ್ನ ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕಿ ಅಂತ ಹೇಳಲ್ಲ. ಅಲ್ಲಿ ಹಾಕಿದ್ರೆ ಯಾರಾದ್ರೂ ಕೈಮುಗಿಯೋ ಎಮೋಜಿ ಹಾಕಿ ಮುಗಿಸ್ತಾರೆ. ಒಬ್ಬರಿಗೆ ಕಳ್ಸಿ. ಅಣ್ಣಂಗೋ, ಅಕ್ಕಂಗೋ, ನಾಳೆ ನಿಮ್ಮ ಜೊತೆ ಆ ಬಾಗಿಲಲ್ಲಿ ನಿಲ್ಲೋರಿಗೆ. ಮುಂದಿನ ವಾರ ಹೆಲ್ತ್ ಇನ್ಶೂರೆನ್ಸ್ ಕ್ಲೇಮ್ ತಿರಸ್ಕಾರ ಆದ್ರೆ ಏನು ಮಾಡ್ಬೇಕು ಅಂತ ಮಾತಾಡೋಣ. ಅಲ್ಲಿವರೆಗೆ ಹುಷಾರಾಗಿರಿ. ನಮಸ್ಕಾರ.